ಕುಲುಮೆಯಿಲ್ಲದ ಲೋಹಶಾಸ್ತ್ರ

ನಮಸ್ಕಾರ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1945ರಲ್ಲಿ ಲೋಹಶಾಸ್ತ್ರ ವಿಭಾಗವಾಗಿ ಆರಂಭವಾದದ್ದು ಇಂದು ಮೆಟೀರಿಯಲ್ಸ್ ಎಂಜಿನಿಯರಿಂಗ್ ವಿಭಾಗವಾಗಿದೆ. ಉಕ್ಕು, ಅಲ್ಯೂಮಿನಿಯಂಗಳ ಜೊತೆಗೆ ಸೆರಾಮಿಕ್, ಪಾಲಿಮರ್, ಅರೆವಾಹಕಗಳೂ ಈ ಶಾಸ್ತ್ರದ ವ್ಯಾಪ್ತಿಗೆ ಬಂದಿರುವಾಗ ಹೆಸರು ಬದಲಾದದ್ದು ಸರಿಯಾಗಿಯೇ ಇದೆ. ನನ್ನ ಆತಂಕ ಬೇರೆ. ಈ ವಿಷಯ ಕಲಿಸುವ ಅನೇಕ ಕಡೆ ಲೋಹವನ್ನು ಕರಗಿಸುವ, ಎರಕ ಹೊಯ್ಯುವ, ಕಾಯಿಸಿ ತಣಿಸುವ ಕೆಲಸ ಹಿಂದೆ ಸರಿಯುತ್ತಿದೆ. ಎಲ್ಲಿಂದಲೋ ತರಿಸಿದ ಮಾದರಿಯನ್ನು ದುಬಾರಿ ಯಂತ್ರದಲ್ಲಿಟ್ಟು ಅಳೆಯುವುದೇ ಸಂಶೋಧನೆ ಎನಿಸಿಕೊಳ್ಳುತ್ತಿದೆ.

ಶೇಕಡಾ 0.45ರಷ್ಟು ಇಂಗಾಲವಿರುವ ಒಂದೇ ಉಕ್ಕಿನ ಸರಳಿನಿಂದ ಎರಡು ತುಂಡು ಕತ್ತರಿಸಿ, ಎರಡನ್ನೂ ಸುಮಾರು 850 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ, ಒಂದನ್ನು ನೀರಿಗೆ ಹಾಕಿ, ಇನ್ನೊಂದನ್ನು ಕುಲುಮೆಯೊಳಗೇ ನಿಧಾನವಾಗಿ ಆರಲು ಬಿಟ್ಟರೆ, ಮೊದಲನೆಯದರ ವಿಕರ್ಸ್ ಗಡಸುತನ (ವಜ್ರದ ಮೊನೆಯನ್ನು ಒತ್ತಿ ಅಳೆಯುವ ಅಂಕ) 600ನ್ನು ದಾಟಬಹುದು, ಎರಡನೆಯದು 200ರ ಆಸುಪಾಸಿನಲ್ಲೇ ಉಳಿಯುತ್ತದೆ. ಇದನ್ನು ಪುಸ್ತಕದಲ್ಲಿ ಓದಬಹುದು. ಆದರೆ ವಿದ್ಯಾರ್ಥಿಯೊಬ್ಬಳು ತುಂಡನ್ನು ಒರಟು ಮರಳುಕಾಗದದಿಂದ ನಯವಾದ ಮರಳುಕಾಗದದವರೆಗೆ, ಪ್ರತಿ ಹಂತದಲ್ಲೂ ತೊಂಬತ್ತು ಡಿಗ್ರಿ ತಿರುಗಿಸಿ ಹಿಂದಿನ ಗೀರುಗಳು ಮಾಯವಾಗುವ ತನಕ ಉಜ್ಜಿ, ಕನ್ನಡಿಯಂತೆ ಹೊಳಪು ಬರಿಸಿ, ಆಲ್ಕೊಹಾಲ್‌ನಲ್ಲಿ ಸ್ವಲ್ಪವೇ ನೈಟ್ರಿಕ್ ಆಮ್ಲ ಬೆರೆಸಿದ ದ್ರಾವಣದಲ್ಲಿ ಕೆಲವು ಸೆಕೆಂಡು ಅದ್ದಿ ಸೂಕ್ಷ್ಮದರ್ಶಕದಡಿ ಇಟ್ಟಾಗ, ಒಂದರಲ್ಲಿ ಸೂಜಿಗಳಂಥ ಗಡಸು ರಚನೆಯಾದ ಮಾರ್ಟೆನ್‌ಸೈಟ್, ಇನ್ನೊಂದರಲ್ಲಿ ಫೆರೈಟ್ ಎಂಬ ಮೆದುವಾದ ಬಿಳಿಯ ಭಾಗದ ನಡುವೆ ಪರ್ಲೈಟ್ ಎಂಬ ಪದರಪದರವಾದ ರಚನೆ ಕಾಣುತ್ತವೆ. ರಾಸಾಯನಿಕ ಸಂಯೋಜನೆ ಒಂದೇ ಆಗಿದ್ದರೂ ಗುಣ ಬೇರೆಯಾಗುವುದೇಕೆ ಎಂಬ ಪ್ರಶ್ನೆ ಆಗ ಅವಳ ಸ್ವಂತ ಪ್ರಶ್ನೆಯಾಗುತ್ತದೆ. ಆಮ್ಲದಲ್ಲಿ ಸ್ವಲ್ಪ ಹೆಚ್ಚು ಹೊತ್ತು ಬಿಟ್ಟರೆ ಮೇಲ್ಮೈ ಕಪ್ಪಾಗಿ ಮತ್ತೆ ಉಜ್ಜಬೇಕಾಗುತ್ತದೆ, ಅದೂ ಪಾಠವೇ.

ಸಂಶೋಧನೆಯ ವಿಷಯದಲ್ಲೂ ಇದೇ ಮಾತು. 1982ರಲ್ಲಿ ಅಮೆರಿಕದಲ್ಲಿ ಡಾನ್ ಶೆಕ್ಟ್‌ಮನ್ ಅವರು ಅಲ್ಯೂಮಿನಿಯಂ-ಮ್ಯಾಂಗನೀಸ್ ಮಿಶ್ರಲೋಹದಲ್ಲಿ ಕಂಡ, ಪರಮಾಣುಗಳು ಕ್ರಮವಾಗಿದ್ದರೂ ಒಂದೇ ವಿನ್ಯಾಸ ಮರುಕಳಿಸದ ಕ್ವಾಸಿಕ್ರಿಸ್ಟಲ್‌ಗೆ 2011ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಂತು. ಅವರ ಫಲಿತಾಂಶ ಪ್ರಕಟವಾದದ್ದು 1984ರಲ್ಲಿ. ಮರುವರ್ಷವೇ ನಮ್ಮ ಬೆಂಗಳೂರಿನ ವಿಭಾಗದಲ್ಲಿ ಕಮಾನಿಯೊ ಚಟ್ಟೋಪಾಧ್ಯಾಯ, ಎಸ್. ರಂಗನಾಥನ್ ಮತ್ತು ಸಹೋದ್ಯೋಗಿಗಳು ಅದೇ ಬಗೆಯ ಮಿಶ್ರಲೋಹದಲ್ಲಿ ಡೆಕಾಗೊನಲ್ (ಹತ್ತು ಮಡಿ ಸಮಮಿತಿಯ) ಎಂಬ ಇನ್ನೊಂದು ರೂಪವನ್ನು ಗುರುತಿಸಿದರು. ಈ ಮಿಶ್ರಲೋಹದಲ್ಲಿ ಇಂಥ ರಚನೆ ಸಿಗುವುದು ಕರಗಿದ ಲೋಹವನ್ನು ರಭಸದಿಂದ ತಿರುಗುವ ತಾಮ್ರದ ಚಕ್ರದ ಮೇಲೆ ಚಿಮ್ಮಿಸಿ, ಸೆಕೆಂಡಿಗೆ ಸುಮಾರು 10 ಲಕ್ಷ ಡಿಗ್ರಿ ವೇಗದಲ್ಲಿ ತಣಿಸಿ ತೆಳು ಪಟ್ಟಿಯಾಗಿಸಿದಾಗ. ಸುದ್ದಿ ತಿಳಿದ ಕೂಡಲೇ ಕೆಲಸಕ್ಕಿಳಿಯಲು, ಹಾಗೆ ತಣಿಸಬಲ್ಲ ಕೈಗಳೂ ನೋಡಬಲ್ಲ ಕಣ್ಣುಗಳೂ ಮೊದಲೇ ಪಳಗಿರಬೇಕು. ಎಲೆಕ್ಟ್ರಾನ್ ಸೂಕ್ಷ್ಮದರ್ಶಕವನ್ನು ಹಣ ಕೊಟ್ಟು ತರಬಹುದು, ಈ ಪಳಗುವಿಕೆಗೆ ವರ್ಷಗಳು ಬೇಕು.

ಕಂಪ್ಯೂಟರ್ ಲೆಕ್ಕಾಚಾರಕ್ಕೆ ನನ್ನ ವಿರೋಧವಿಲ್ಲ. ಹತ್ತಾರು ಮಿಶ್ರಲೋಹ ಕರಗಿಸಿ ನೋಡುವ ಶ್ರಮವನ್ನು ಅದು ಉಳಿಸುತ್ತದೆ. ಆದರೆ ಆ ತಂತ್ರಾಂಶಗಳು ನೆಚ್ಚಿಕೊಂಡಿರುವ ಉಷ್ಣಗತಿಶಾಸ್ತ್ರದ ದತ್ತಾಂಶದ ಬಹುಪಾಲು ಯಾರೋ ಕುಲುಮೆಯ ಮುಂದೆ ನಿಂತು ಅಳೆದದ್ದು. ಇಂದು ಯಾರೂ ಅಳೆಯದಿದ್ದರೆ ಹೊಸ ವಸ್ತುಗಳ ಲೆಕ್ಕ ಯಾವ ಆಧಾರದ ಮೇಲೆ ನಿಲ್ಲಬೇಕು?

ಹೀಗಾಗಲು ಕಾರಣ ಅಧ್ಯಾಪಕರ ಸೋಮಾರಿತನವಲ್ಲ. ರಾಷ್ಟ್ರೀಯ ರ‍್ಯಾಂಕಿಂಗ್‌ನಲ್ಲಿ ಪ್ರಕಟವಾದ ಪ್ರಬಂಧಗಳಿಗೆ ಅಂಕವಿದೆ. ಒಳ್ಳೆಯ ಎರಕಕ್ಕೆ ಅಂಥ ಅಂಕವಿಲ್ಲ. ಯೋಜನೆಯ ಹಣದಲ್ಲಿ ಉಪಕರಣ ಕೊಳ್ಳುವುದು ಸುಲಭ, ಅದನ್ನು ಹತ್ತು ವರ್ಷ ನಡೆಸುವ ತಂತ್ರಜ್ಞನಿಗೆ ಸಂಬಳ ಹೊಂದಿಸುವುದು ಕಷ್ಟ. ಅನುಭವಿ ಸಹಾಯಕರು ನಿವೃತ್ತರಾದಾಗ ಹುದ್ದೆ ಖಾಲಿ ಉಳಿದರೆ, ತಾಪ ಅಳೆಯುವ ಥರ್ಮೋಕಪಲ್ ಕೆಟ್ಟ ಕುಲುಮೆ ಮೂಲೆ ಸೇರುತ್ತದೆ. ಆದ್ದರಿಂದ ವಿಭಾಗಗಳ ಮೌಲ್ಯಮಾಪನಕ್ಕೆ ಬರುವವರು ಪ್ರಬಂಧಗಳ ಪಟ್ಟಿಯ ಜೊತೆಗೆ, ಎರಡನೆಯ ವರ್ಷದ ವಿದ್ಯಾರ್ಥಿಗಳು ತಾವೇ ಕರಗಿಸಿ ಎರಕ ಹೊಯ್ದ ಲೋಹವನ್ನೂ, ಪ್ರಯೋಗಾಲಯದ ತಂತ್ರಜ್ಞರ ಹುದ್ದೆಗಳು ಎಷ್ಟು ಭರ್ತಿಯಾಗಿವೆ ಎಂಬ ಲೆಕ್ಕವನ್ನೂ ಕೇಳಿ ನೋಡಬೇಕೆಂಬುದು ನನ್ನ ಒತ್ತಾಯ.