ಮತ ಎಣಿಕೆ ಮುಗಿದ ಮೇಲಿನ ಊಟ

ಕೇಳುಗರಿಗೆ ನಮಸ್ಕಾರ.

ಅಮೆರಿಕದ ಕ್ಯಾಲೆಂಡರಿನಲ್ಲಿ ಒಂದು ತಮಾಷೆ ಇದೆ. ಅಲ್ಲಿ ಅಧ್ಯಕ್ಷರ ಚುನಾವಣೆ ನಡೆಯುವುದು ನವೆಂಬರ್ ತಿಂಗಳ ಮೊದಲ ಸೋಮವಾರದ ಮಾರನೆಯ ದಿನ, ಮಂಗಳವಾರ. 1845ರ ಕಾನೂನು ಅದು. ಅದೇ ತಿಂಗಳ ನಾಲ್ಕನೆಯ ಗುರುವಾರ ಥ್ಯಾಂಕ್ಸ್‌ಗಿವಿಂಗ್ ಹಬ್ಬ. ಎಲ್ಲೆಲ್ಲೋ ಚದುರಿಹೋದ ಮಕ್ಕಳು, ಮೊಮ್ಮಕ್ಕಳು ಮನೆಗೆ ಬಂದು ಒಟ್ಟಿಗೆ ಉಣ್ಣುವ ದಿನ. ಈ ಎರಡರ ನಡುವೆ ಎಷ್ಟು ದಿನ ಸಿಗುತ್ತದೆ ಅಂತ ಸುಮ್ನೆ ಲೆಕ್ಕ ಹಾಕಿ ನೋಡಿದೆ. ಒಂದೋ 16, ಇಲ್ಲವೇ 23. ಬೇರೆ ಲೆಕ್ಕ ಬರುವುದೇ ಇಲ್ಲ. 2016ರಲ್ಲಿ 16 ದಿನ ಸಿಕ್ಕಿತು. 2020ರಲ್ಲೂ 2024ರಲ್ಲೂ 23.

ಗೆದ್ದವರ ಕುಣಿತ ನಿಂತಿರುವುದಿಲ್ಲ, ಸೋತವರ ಹೊಟ್ಟೆಯುರಿ ಆರಿರುವುದಿಲ್ಲ. ಅಷ್ಟರಲ್ಲಿ ಇಬ್ಬರೂ ಒಂದೇ ಮೇಜಿಗೆ ಬಂದು ಕೂರಬೇಕು.

2016ರಲ್ಲಿ ಅಂಥ ಒಂದು ಮೇಜಿನಲ್ಲಿ ನಾನೂ ಕೂತಿದ್ದೆ. ಜೊತೆಗೆ ಕೆಲಸ ಮಾಡುತ್ತಿದ್ದ ಗೆಳತಿಯೊಬ್ಬಳು ಪೆನ್ಸಿಲ್ವೇನಿಯಾದ ತನ್ನ ತವರಿಗೆ ಕರೆದುಕೊಂಡು ಹೋಗಿದ್ದಳು. ಆ ವರ್ಷ ಆ ರಾಜ್ಯದಲ್ಲಿ ರಿಪಬ್ಲಿಕನ್ ಪಕ್ಷದ ಟ್ರಂಪ್ ಡೆಮಾಕ್ರಟಿಕ್ ಪಕ್ಷದ ಹಿಲರಿ ಕ್ಲಿಂಟನ್ ಎದುರು ಗೆದ್ದದ್ದು ಶೇಕಡಾ ಒಂದಕ್ಕಿಂತ ಕಡಿಮೆ ಅಂತರದಲ್ಲಿ. ಹೆಚ್ಚುಕಡಿಮೆ ಅರ್ಧಕ್ಕರ್ಧ ಅನ್ನಿ. ಗೆಳತಿಯ ಮನೆಯೂ ಹಾಗೇ ಇತ್ತು. ಚಿಕ್ಕಪ್ಪ ಒಂದು ಕಡೆ, ನರ್ಸ್ ಕೆಲಸದಲ್ಲಿದ್ದ ಅಕ್ಕ ಇನ್ನೊಂದು ಕಡೆ. ಬಾಗಿಲಲ್ಲೇ ಗೆಳತಿಯ ತಾಯಿ ಕಟ್ಟಪ್ಪಣೆ ಮಾಡಿದರು: ಊಟದ ಕೊನೆಯ ಸಿಹಿ, ಕುಂಬಳಕಾಯಿ ಪೈ, ಬರುವ ತನಕ ರಾಜಕೀಯ ಎತ್ತಿದವರು ಪಾತ್ರೆ ತೊಳೆಯಬೇಕು.

ಟರ್ಕಿ ಕೋಳಿ ಕುಯ್ದು ತಟ್ಟೆಗೆ ಬೀಳುವಷ್ಟು ಹೊತ್ತೂ ಆ ಅಪ್ಪಣೆ ಬಾಳಲಿಲ್ಲ. ಯಾರೂ ಬೇಕಂತ ಮುರಿಯಲಿಲ್ಲ, ಅದೇ ಸ್ವಾರಸ್ಯ. ಚಿಕ್ಕಪ್ಪನ ಮೊಣಕಾಲು ನೋವಿನ ಮಾತು ಬಂತು. ಮೊಣಕಾಲಿನಿಂದ ಆಸ್ಪತ್ರೆ, ಆಸ್ಪತ್ರೆಯಿಂದ ವಿಮೆ, ವಿಮೆಯಿಂದ ಒಬಾಮಾಕೇರ್, ಅಂದರೆ ಅಧ್ಯಕ್ಷ ಒಬಾಮಾ ತಂದ ಆರೋಗ್ಯ ವಿಮೆಯ ಕಾನೂನು. ಮೊಣಕಾಲಿನಿಂದ ವೈಟ್ ಹೌಸಿಗೆ ಮೂರೇ ಹೆಜ್ಜೆ!

ಈ ಬಾಯಿಗೆ ಬೀಗದ ಉಪಾಯ ಹಳೆಯದು. 1898ರ ಫೆಬ್ರವರಿಯಲ್ಲಿ ಪ್ಯಾರಿಸಿನ 'ಲೆ ಫಿಗಾರೊ' ಪತ್ರಿಕೆಯಲ್ಲಿ ಕಾರಾನ್ ದಾಶ್ ಎಂಬಾತ ಒಂದು ವ್ಯಂಗ್ಯಚಿತ್ರ ಬರೆದ. ಡ್ರೇಫಸ್ ಎಂಬ ಯಹೂದಿ ಸೇನಾಧಿಕಾರಿ ದೇಶದ್ರೋಹಿಯೋ ಅಲ್ಲವೋ ಅಂತ ಇಡೀ ಫ್ರಾನ್ಸ್ ಎರಡು ಪಾಲಾಗಿದ್ದ ಕಾಲ ಅದು. ಮೇಲಿನ ಚಿತ್ರದಲ್ಲಿ ಒಂದು ಕುಟುಂಬ ಊಟಕ್ಕೆ ಅಚ್ಚುಕಟ್ಟಾಗಿ ಕೂತಿದೆ. ಡ್ರೇಫಸ್ ವಿಷಯ ಮಾತ್ರ ಬೇಡ ಅಂತ ಹಿರಿಯರು ಹೇಳುತ್ತಿದ್ದಾರೆ. ಕೆಳಗಿನ ಚಿತ್ರದಲ್ಲಿ ಕುರ್ಚಿ ಉರುಳಿವೆ, ಒಬ್ಬರ ಜುಟ್ಟು ಒಬ್ಬರ ಕೈಯಲ್ಲಿದೆ. ಅಡಿಬರಹ ಇಷ್ಟೇ: 'ಅವರು ಆ ಮಾತೆತ್ತಿದರು.'

ಬೇಡ ಅಂದ ಮಾತು ಮೇಜಿನ ನಡುವೆ ಮುಚ್ಚಿಟ್ಟ ಪಾತ್ರೆಯ ಹಾಗೆ. ಎಲ್ಲರ ಕಣ್ಣೂ ಅದರ ಮೇಲೇ.

ಈ ಜಗಳ ಊಟವನ್ನು ಎಷ್ಟು ಮೊಟಕು ಮಾಡುತ್ತದೆ ಅಂತ ಅಳತೆ ಮಾಡಿದವರೂ ಇದ್ದಾರೆ. 2018ರಲ್ಲಿ ಇಬ್ಬರು ಸಂಶೋಧಕರು ಒಂದು ಕೋಟಿಗೂ ಹೆಚ್ಚು ಅಮೆರಿಕನ್ನರ ಮೊಬೈಲ್ ಫೋನಿನ ಜಾಡು ಹಿಡಿದರು. ಫೋನು ರಾತ್ರಿ ಎಲ್ಲಿ ಮಲಗಿತ್ತು, ಆ ಪ್ರದೇಶ ಯಾರಿಗೆ ಮತ ಹಾಕಿತ್ತು, ಹಬ್ಬದ ಮಧ್ಯಾಹ್ನ ಅದು ಯಾವ ಮನೆಯಲ್ಲಿತ್ತು, ಎಷ್ಟು ಹೊತ್ತಿತ್ತು. 2016ರಲ್ಲಿ ಎದುರು ಪಕ್ಷದ ಕಡೆಯ ಮನೆಗೆ ಹೋದವರು 30ರಿಂದ 50 ನಿಮಿಷ ಬೇಗ ಎದ್ದಿದ್ದರು ಅಂತ ಲೆಕ್ಕ ಬಂತು. 2020ರಲ್ಲಿ ಬೇರೆ ಇಬ್ಬರು ಮತ್ತೆ ಅಳೆದು, ಅಷ್ಟೆಲ್ಲ ಇಲ್ಲ, 4ರಿಂದ 11 ನಿಮಿಷ ಅಷ್ಟೇ ಅಂದರು. ಊಟದ ಜಗಳದ ಬಗ್ಗೆ ವಿದ್ವಾಂಸರೂ ಜಗಳ ಆಡಿದರು ಅನ್ನಿ. ನನಗೇನೋ ಎರಡನೆಯ ಲೆಕ್ಕವೇ ಹಿಡಿಸಿತು. ಬೇಗ ಎದ್ದವರೂ ಬಂದು ಕೂತವರೇ ಅಲ್ವಾ?

ಈ ಹಬ್ಬಕ್ಕೂ ಮನೆಯೊಳಗಿನ ಒಡಕಿಗೂ ಹುಟ್ಟಿನಿಂದಲೇ ನಂಟು. ದೇಶಕ್ಕೆಲ್ಲ ಒಂದೇ ದಿನ ಅಂತ ಇದನ್ನು ಸಾರಿದವರು ಅಬ್ರಹಾಂ ಲಿಂಕನ್, 1863ರ ಅಕ್ಟೋಬರ್ 3ರಂದು. ದೇಶದಿಂದ ಬೇರೆಯಾಗಲು ಹೊರಟ ದಕ್ಷಿಣದ ರಾಜ್ಯಗಳಿಗೂ ಲಿಂಕನ್ನರ ಉತ್ತರಕ್ಕೂ ಅಂತರ್ಯುದ್ಧ ನಡೆಯುತ್ತಿದ್ದ ಹೊತ್ತು. ಅದಕ್ಕೆ ಎರಡು ವಾರ ಮುಂಚೆಯಷ್ಟೇ ಚಿಕಮಾಗ ಎಂಬಲ್ಲಿ ನಡೆದ ಯುದ್ಧದಲ್ಲಿ ದಕ್ಷಿಣದ ಸೇನೆಯ ಬೆನ್ ಹೆಲ್ಮ್ ಎಂಬ ಜನರಲ್ ಸತ್ತಿದ್ದ. ಆತ ಬೇರೆ ಯಾರೂ ಅಲ್ಲ, ಲಿಂಕನ್ನರ ಷಡ್ಡಕ. ಅವರ ಹೆಂಡತಿ ಮೇರಿಯ ಮಲತಂಗಿ ಎಮಿಲಿಯ ಗಂಡ. ಮೇರಿಯ ಇಬ್ಬರು ಮಲತಮ್ಮಂದಿರೂ ಅದೇ ಸೇನೆಯಲ್ಲಿ ಹೋರಾಡಿ ಹಿಂದಿನ ವರ್ಷ ಸತ್ತಿದ್ದರು. ಅಂದರೆ ಅಧ್ಯಕ್ಷರ ಸ್ವಂತ ಬಾವಮೈದುನರು ಅವರ ಸೇನೆಯ ಎದುರು ನಿಂತು ಪ್ರಾಣ ಬಿಟ್ಟಿದ್ದರು.

ವಿಧವೆ ಎಮಿಲಿ ಮಕ್ಕಳ ಜೊತೆ ತವರಿಗೆ ಹೊರಟಳು. ದಾರಿಯಲ್ಲಿ ಉತ್ತರದ ಸೇನೆ ತಡೆಯಿತು. ಲಿಂಕನ್ನರ ಒಕ್ಕೂಟ ಸರ್ಕಾರಕ್ಕೆ ನಿಷ್ಠೆಯ ಪ್ರಮಾಣ ಮಾಡು ಅಂದರು. ಮಾಡುವುದಿಲ್ಲ ಅಂದಳು. ಸತ್ತ ಗಂಡನಿಗೆ ಎರಡು ಬಗೆದಂತೆ ಆಗುತ್ತದಲ್ಲ! ಅಧಿಕಾರಿಗಳು ಲಿಂಕನ್ನರಿಗೇ ತಂತಿ ಹೊಡೆದರು. ಅವಳನ್ನು ನನ್ನ ಹತ್ತಿರ ಕಳಿಸಿ ಅಂತ ಉತ್ತರ ಬಂತು. ಡಿಸೆಂಬರಿನಲ್ಲಿ ಶತ್ರು ಜನರಲ್‌ನ ಹೆಂಡತಿ ವೈಟ್ ಹೌಸಿಗೆ ಬಂದು ಉಳಿದಳು. ಅಕ್ಕತಂಗಿ ಯುದ್ಧದ ಮಾತೇ ಎತ್ತದೆ ದಿನ ಕಳೆದರು. ಇಬ್ಬರಿಗೂ ಅಳಲು ಕಾರಣ ಇತ್ತು, ಒಟ್ಟಿಗೆ ಅಳುವ ಹಾಗೆ ಮಾತ್ರ ಇರಲಿಲ್ಲ.

ದೊಡ್ಡವರೇನೋ ಬಾಯಿ ಕಟ್ಟಿಕೊಂಡರು, ಮಕ್ಕಳು ಕಟ್ಟಿಕೊಳ್ಳುತ್ತಾರೆಯೇ? ಲಿಂಕನ್ನರ ಮಗ, ಹತ್ತು ವರ್ಷದ ಟ್ಯಾಡ್, ಅಪ್ಪನ ಫೋಟೋ ತೋರಿಸಿ ಇವರೇ ಅಧ್ಯಕ್ಷರು ಅಂದ. ಎಮಿಲಿಯ ಪುಟ್ಟ ಮಗಳು ಕ್ಯಾಥರೀನ್, ಅಲ್ಲ, ಡೇವಿಸ್ ಅವರೇ ಅಧ್ಯಕ್ಷರು ಅಂತ ಹಟ ಹಿಡಿದಳು. ದಕ್ಷಿಣದವರಿಗೆ ಜೆಫರ್ಸನ್ ಡೇವಿಸ್ ತಾನೇ ಅಧ್ಯಕ್ಷ? ಕೂಗಾಟ ಜೋರಾಯಿತು. ಲಿಂಕನ್ ಇಬ್ಬರನ್ನೂ ಎರಡು ತೊಡೆಯ ಮೇಲೆ ಕೂರಿಸಿಕೊಂಡು ಹೇಳಿದರಂತೆ: ನಿನ್ನ ಅಧ್ಯಕ್ಷ ಯಾರು ಅಂತ ನಿನಗೆ ಗೊತ್ತಲ್ಲ ಟ್ಯಾಡ್, ಇವಳಿಗೆ ನಾನು ಲಿಂಕನ್ ದೊಡ್ಡಪ್ಪ. ಆ ಹುಡುಗಿಯೇ ದೊಡ್ಡವಳಾಗಿ ಬರೆದಿಟ್ಟ ಮಾತು ಇದು.

ಗಮನಿಸಿ, ಅವರು ಯುದ್ಧದಲ್ಲಿ ಒಂದಿಂಚೂ ಬಿಟ್ಟುಕೊಡಲಿಲ್ಲ. ಆದರೆ ಮನೆಯ ಕೂಸಿನ ಬಾಯಲ್ಲಿ 'ಅಧ್ಯಕ್ಷ' ಅನ್ನಿಸಿಕೊಳ್ಳುವ ಹಂಬಲ ಅವರಿಗಿರಲಿಲ್ಲ. ದೊಡ್ಡಪ್ಪ ಅಂದರೆ ಸಾಕಾಗಿತ್ತು.

ಕಥೆ ಇಲ್ಲಿಗೇ ನಿಂತಿದ್ದರೆ ಚೆನ್ನಾಗಿತ್ತು. ನಿಲ್ಲಲಿಲ್ಲ. ಮರುವರ್ಷ ಎಮಿಲಿ ತನ್ನ ಹತ್ತಿ ಮಾರಲು ಅನುಮತಿ ಬೇಡಿದಳು. ಪ್ರಮಾಣ ಮಾಡದೆ ಆಗುವುದಿಲ್ಲ ಅಂದರು ಲಿಂಕನ್. ನಮ್ಮನ್ನು ಈ ಸ್ಥಿತಿಗೆ ತಂದದ್ದು ನಿಮ್ಮ ಗುಂಡುಗಳೇ ಅಂತ ಅವಳು ಪತ್ರ ಬರೆದಳು. ಪ್ರೀತಿ ಇದ್ದ ಕಡೆಯೂ ಕೆಲವು ಲೆಕ್ಕ ಚುಕ್ತಾ ಆಗುವುದಿಲ್ಲ.

ಈಗಿನ ಕಾಲಕ್ಕೆ ಬರೋಣ. ಮಗನೋ ಮಗಳೋ ಎದುರು ಪಕ್ಷದವರನ್ನು ಮದುವೆಯಾದರೆ ಬೇಸರವೇ ಅಂತ 1960ರ ಸುಮಾರಿಗೆ ಅಮೆರಿಕನ್ನರನ್ನು ಕೇಳಿದ್ದರು. ಹೌದು ಅಂದವರು ನೂರಕ್ಕೆ ಐದು ಜನ. 2010ರಲ್ಲಿ ಅಂಥದೇ ಪ್ರಶ್ನೆಗೆ ರಿಪಬ್ಲಿಕನ್ನರಲ್ಲಿ ಸುಮಾರು ಅರ್ಧ ಜನ, ಡೆಮಾಕ್ರಟರಲ್ಲಿ ಮೂರನೆಯ ಒಂದು ಪಾಲು ಹೌದು ಅಂದರು. ಪಕ್ಷ ಅನ್ನುವುದು ಕುಲಗೋತ್ರದ ಹಾಗೆ ಆಗಿಬಿಟ್ಟಿದೆ.

ಹಾಗಾಗಿಯೇ ಇರಬೇಕು, ಇದಕ್ಕೆ ಮದ್ದು ಹುಡುಕಿದವರಲ್ಲಿ ಒಬ್ಬರು ಗಂಡಹೆಂಡಿರ ಜಗಳ ಬಿಡಿಸುವ ಸಲಹೆಗಾರರು, ಬಿಲ್ ಡೊಹರ್ಟಿ ಅಂತ. 2016ರ ಡಿಸೆಂಬರಿನಲ್ಲಿ ಓಹಾಯೋ ರಾಜ್ಯದ ಸೌತ್ ಲೆಬನಾನ್ ಎಂಬ ಸಣ್ಣ ಊರಲ್ಲಿ ಟ್ರಂಪ್ ಕಡೆಯ 10 ಜನ, ಕ್ಲಿಂಟನ್ ಕಡೆಯ 11 ಜನ ಒಟ್ಟಿಗೆ ಕೂತರು. ಮುಂದೆ 'ಬ್ರೇವರ್ ಏಂಜಲ್ಸ್' ಅಂತ ಹೆಸರಾದ ಸಂಸ್ಥೆ ಶುರುವಾದದ್ದು ಹಾಗೆ. ಅವರ ಒಂದು ಆಟ ನನಗೆ ಬಹಳ ಇಷ್ಟ. ಎದುರು ಪಕ್ಷದವರು ನಮ್ಮನ್ನು ಏನಂತ ಬೈಯುತ್ತಾರೆ ಅಂತ ಪಟ್ಟಿ ಮಾಡಬೇಕು. ಅದು ಯಾಕೆ ತಪ್ಪು ಅಂತ ಹೇಳಬೇಕು. ಆಮೇಲೆ ಅದರಲ್ಲಿ ಎಳ್ಳಷ್ಟಾದರೂ ನಿಜ ಏನಿದೆ ಅಂತ ನಾವೇ ಒಪ್ಪಿಕೊಳ್ಳಬೇಕು. ಮೊದಲ ಎರಡು ಸಲೀಸು. ಮೂರನೆಯದಕ್ಕೆ ಬಂದಾಗ ಕೋಣೆಯಲ್ಲಿ ಕೆಮ್ಮು ಜಾಸ್ತಿಯಾಗಿರಬೇಕು.

ಹಾಗಂತ ಯಾರು ಏನಂದರೂ ನುಂಗಿಕೊಂಡು ಕೂರಿ ಅಂತ ನಾನು ಹೇಳುತ್ತಿಲ್ಲ. ಗೆದ್ದ ಸರ್ಕಾರ ತನ್ನನ್ನು ದೇಶದಿಂದಲೇ ಆಚೆ ಹಾಕಬಹುದು ಅಂತ ಹೆದರಿದವರು ಮೇಜಿನಲ್ಲಿದ್ದರೆ ಅವರಿಗೆ ಇದು ಹರಟೆಯಲ್ಲ. ಅವರು ಎದ್ದು ಹೋದರೆ ತಪ್ಪು ಹುಡುಕಬಾರದು.

ಪೆನ್ಸಿಲ್ವೇನಿಯಾದ ಆ ಮೇಜಿಗೆ ವಾಪಸು ಬರುತ್ತೇನೆ. ದನಿ ಏರುತ್ತಿತ್ತು. 'ನಿಮ್ಮವರು' ಅನ್ನುವ ಮಾತು ಎರಡೂ ಕಡೆಯಿಂದ ಹಾರಾಡುತ್ತಿತ್ತು. ಚಿಕ್ಕಪ್ಪನ ಎದುರು ಅಣ್ಣನ ಮಗಳು ಕಾಣುತ್ತಿರಲಿಲ್ಲ, ಟೀವಿಯಲ್ಲಿ ನೋಡಿದ ಅಷ್ಟೂ ಡೆಮಾಕ್ರಟರು ಕಾಣುತ್ತಿದ್ದರು. ಅವಳಿಗೂ ಹಾಗೇ. ನಾನು ಹೊರಗಿನವನು. ಅವರು ಆಡುತ್ತಿದ್ದ ವಿಮೆಯ ಮಾತು ನನಗೆ ಅರ್ಧ ತಿಳಿದಿರಲಿಲ್ಲ. ಮುಜುಗರ ತಡೆಯಲಾರದೆ ಕೇಳಿಬಿಟ್ಟೆ: ಅಷ್ಟಕ್ಕೂ ನೀವು ಕಟ್ಟುವ ಕಂತು ಎಷ್ಟು?

ಚಿಕ್ಕಪ್ಪ ನನ್ನ ಕಡೆ ತಿರುಗಿದರು. ಮನೆಗಳಿಗೆ ಚಾವಣಿ ಹಾಕುವ ಸ್ವಂತ ಕಸುಬು ಅವರದು. ಕಂತು ಎಷ್ಟಿತ್ತು, ಎಷ್ಟಾಯಿತು, ಯಾವ ತಿಂಗಳು ಕಟ್ಟಲಾಗಲಿಲ್ಲ, ಮೊಣಕಾಲು ಹಾಳಾದ ಮೇಲೆ ಏಣಿ ಹತ್ತಲು ಯಾರನ್ನು ಇಟ್ಟುಕೊಂಡರು, ಎಲ್ಲ ಹೇಳಿದರು. ನರ್ಸ್ ಅಕ್ಕ ಎರಡು ಸಲ ತಡೆದು ತಪ್ಪು ತಿದ್ದಿದಳು. ಆಮೇಲೆ, ವಿಮೆ ಇದ್ದದ್ದರಿಂದ ಹೊತ್ತಿಗೆ ಸರಿಯಾಗಿ ಆಸ್ಪತ್ರೆಗೆ ಬಂದು ಉಳಿದುಕೊಂಡ ಒಬ್ಬರ ಕಥೆ ಹೇಳಿದಳು. ಚಿಕ್ಕಪ್ಪ ಒಪ್ಪಲಿಲ್ಲ. ಅವಳೂ ಒಪ್ಪಲಿಲ್ಲ. ಆದರೆ ಇನ್ನು ಯಾರ ಮತವನ್ನೂ ಕೀಳುವ ಹಾಗಿರಲಿಲ್ಲವಲ್ಲ, ಎಣಿಕೆ ಮುಗಿದು ಎರಡು ವಾರ ದಾಟಿತ್ತು. ಅದು ಇಬ್ಬರಿಗೂ ಒಂದೇ ಸಲ ಹೊಳೆಯಿತೋ ಏನೋ, ದನಿ ತಾನಾಗಿ ಇಳಿಯಿತು.

ಪೈ ಬಂತು, ಮುಗಿಯಿತು. ಗೆಳತಿಯ ತಾಯಿ ಅಪ್ಪಣೆ ಮರೆತಿರಲಿಲ್ಲ. ಚಿಕ್ಕಪ್ಪನೂ ನರ್ಸ್ ಅಕ್ಕನೂ ಸಿಂಕಿನ ಮುಂದೆ ಅಕ್ಕಪಕ್ಕ ನಿಂತು ಪಾತ್ರೆ ತೊಳೆದರು, ನಲ್ಲಿಯ ಸದ್ದಿನ ನಡುವೆ ಇನ್ನೂ ವಿಮೆಯ ಮಾತೇ ಆಡುತ್ತ. ನನ್ನ ಕೈಗೂ ಒಂದು ಒರೆಸುವ ಬಟ್ಟೆ ಬಂತು. ಕಂತು ಎಷ್ಟು ಅಂತ ಕೇಳಿದವನು ನಾನೇ ತಾನೇ?

ನಮಸ್ಕಾರ.