ಒಬ್ಬ ಬೇಸ್ ವಾದಕನ ಬೆನ್ನು ಹತ್ತಿ: ಜಾಝ್ ಪ್ರಿಯರು ಮುಂದಿನ ಆಲ್ಬಂ ಹುಡುಕುವ ಬಗೆ

[ಪರದೆಯ ಮೇಲೆ ಒಂದೇ ಸಾಲು: "ಈಗ ಯಾವ ಆಲ್ಬಂ ಕೇಳುತ್ತಿದ್ದೀರಿ?"]

ನಮಸ್ಕಾರ. ಜಾಝ್ ಕೇಳುವವರು ಇಬ್ಬರು ಸೇರಿದರೆ ಈ ಪ್ರಶ್ನೆ ಬಂದೇ ಬರುತ್ತದೆ. ಆದರೆ ಅವರು ಕೊಡುವ ಉತ್ತರ ಹೊಸಬರಿಗೆ ಸ್ವಲ್ಪ ವಿಚಿತ್ರ ಅನ್ನಿಸಬಹುದು. "ಜಾನ್ ಕೋಲ್ಟ್ರೇನ್ ಅವರ ಬ್ಲೂ ಟ್ರೇನ್. 1957, ಬ್ಲೂ ನೋಟ್. ಟ್ರಂಪೆಟ್ ಲೀ ಮಾರ್ಗನ್, ಬೇಸ್ ಪಾಲ್ ಚೇಂಬರ್ಸ್, ಡ್ರಮ್ಸ್ ಫಿಲ್ಲಿ ಜೋ ಜೋನ್ಸ್." ಕೇಳಿದ್ದು ಆಲ್ಬಂ ಹೆಸರು, ಆದರೆ ಇಸವಿ, ಕಂಪನಿ, ತಂಡದವರ ಹೆಸರು ಎಲ್ಲಾ ಬಂದುಬಿಟ್ಟವು.

ಇದು ಜ್ಞಾನ ಪ್ರದರ್ಶನ ಅಲ್ಲ. ಈ ಸಂಗೀತವನ್ನು ಗುರುತು ಹಿಡಿಯಬೇಕಾದ್ದೇ ಹಾಗೆ. ಜಾಝ್‌ನಲ್ಲಿ ಬರೆದಿಟ್ಟ ಟ್ಯೂನ್ ಹೆಚ್ಚಾಗಿ ಒಂದು ನಿಮಿಷದಲ್ಲಿ ಮುಗಿದುಹೋಗುತ್ತದೆ. ಉಳಿದದ್ದನ್ನೆಲ್ಲಾ ವಾದಕರು ಅಲ್ಲೇ, ಆಗಲೇ ಕಟ್ಟಿ ನುಡಿಸುತ್ತಾರೆ. 1950ರ ದಶಕದ ಎಷ್ಟೋ ಆಲ್ಬಂಗಳು ಒಂದೇ ದಿನದಲ್ಲಿ, ಎಲ್ಲರೂ ಒಂದೇ ಕೋಣೆಯಲ್ಲಿ ಕೂಡಿ ನುಡಿಸಿದಂಥವು. ಹಾಗಾಗಿ ಆ ದಿನ ಆ ಕೋಣೆಯಲ್ಲಿ ಯಾರಿದ್ದರು ಅನ್ನುವುದೇ ಸಂಗೀತದ ಅರ್ಧ ಭಾಗ. ಒಬ್ಬರು ಬದಲಾದರೆ ಆಲ್ಬಮ್ಮೇ ಬದಲಾಗುತ್ತದೆ.

ಹೊಸಬರಿಗೆ ಸಾಮಾನ್ಯವಾಗಿ ಸಿಗುವ ಸಲಹೆ "ನೂರು ಶ್ರೇಷ್ಠ ಆಲ್ಬಂಗಳ" ಪಟ್ಟಿ. ನನಗೆ ಆ ದಾರಿ ಇಷ್ಟವಿಲ್ಲ. ಒಂದಕ್ಕೊಂದು ಸಂಬಂಧವೇ ಇಲ್ಲದ ನೂರು ಆಲ್ಬಂ ಕೇಳಿ ಸುಸ್ತಾಗುವುದಕ್ಕಿಂತ, ಒಬ್ಬ ವಾದಕನನ್ನು ಹಿಡಿದು ಅವನ ಹಿಂದೆ ಹೋಗುವುದು ಮೇಲು. ಅದೂ ಮುಖಪುಟದಲ್ಲಿ ಹೆಸರಿರುವವನನ್ನಲ್ಲ, ಹಿಂದೆ ನಿಂತು ನುಡಿಸುವವನನ್ನು. ಇವತ್ತು ನಾವು ಪಾಲ್ ಚೇಂಬರ್ಸ್ ಹಿಂದೆ ಹೋಗೋಣ. ಅವರ ವಾದ್ಯ ಬೇಸ್, ಅಂದರೆ ನಿಂತು ನುಡಿಸುವ, ತಗ್ಗು ದನಿಯ ದೊಡ್ಡ ತಂತಿವಾದ್ಯ.

[ಪರದೆಯ ಮೇಲೆ: ಪಾಲ್ ಚೇಂಬರ್ಸ್, ಬೇಸ್, 1935–1969]

ಶುರು ಮಾಡುವುದು ಎಲ್ಲರೂ ಶುರು ಮಾಡುವ ಜಾಗದಿಂದಲೇ. ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ ಅವರ ಕೈಂಡ್ ಆಫ್ ಬ್ಲೂ. ನ್ಯೂಯಾರ್ಕ್‌ನ 30ನೇ ಬೀದಿಯಲ್ಲಿದ್ದ ಕೊಲಂಬಿಯಾ ಸ್ಟುಡಿಯೊದಲ್ಲಿ 1959ರಲ್ಲಿ ಎರಡೇ ದಿನ ರೆಕಾರ್ಡಿಂಗ್ ನಡೆಯಿತು: ಮಾರ್ಚ್ 2 ಮತ್ತು ಏಪ್ರಿಲ್ 22. ಆ ಎರಡನೇ ದಿನ ಚೇಂಬರ್ಸ್ ಹುಟ್ಟುಹಬ್ಬ. ಅವರಿಗೆ ಅವತ್ತು 24 ತುಂಬಿತು.

ಮೊದಲ ಟ್ರ್ಯಾಕ್ ಸೋ ವಾಟ್. ಇಲ್ಲಿ ವಿಡಿಯೋ ನಿಲ್ಲಿಸಿ, ಅದನ್ನು ಎರಡು ನಿಮಿಷ ಕೇಳಿ ಬನ್ನಿ. ಆದಷ್ಟು ಹೆಡ್‌ಫೋನ್‌ನಲ್ಲಿ ಕೇಳಿ, ಫೋನ್ ಸ್ಪೀಕರ್‌ನಲ್ಲಿ ಬೇಸ್ ಸರಿಯಾಗಿ ಕೇಳಿಸುವುದೇ ಇಲ್ಲ.

[ಪರದೆ ಐದು ಸೆಕೆಂಡ್ ಖಾಲಿ]

ಕೇಳಿದ್ರಾ? ಮೊದಲು ಪಿಯಾನೊ ಮತ್ತು ಬೇಸ್ ತಾಳವಿಲ್ಲದೆ ನಿಧಾನವಾಗಿ ಬರುತ್ತವೆ. ಆಮೇಲೆ ಟ್ಯೂನ್ ಶುರುವಾಗುತ್ತದೆ, ಅದನ್ನು ನುಡಿಸುವುದು ಟ್ರಂಪೆಟ್ ಅಲ್ಲ, ಬೇಸ್! ಚೇಂಬರ್ಸ್ ಒಂದು ಸಾಲು ಹೇಳುತ್ತಾರೆ, ಅದಕ್ಕೆ ಎರಡೇ ಎರಡು ಸ್ವರದ ಉತ್ತರ ಬರುತ್ತದೆ. ಮೊದಲು ಪಿಯಾನೊದಿಂದ, ನಂತರ ಊದುವ ವಾದ್ಯಗಳಿಂದ. ಒಂದೂವರೆ ನಿಮಿಷದ ಹತ್ತಿರ ಡ್ರಮ್ಸ್ ನುಡಿಸುವ ಜಿಮ್ಮಿ ಕಾಬ್ ಸಿಂಬಲ್ ಮೇಲೆ ಒಂದು ಏಟು ಕೊಡುತ್ತಾರೆ. ಅದರ ಗುಂಯ್ ಅನ್ನುವ ಸದ್ದು ಇನ್ನೂ ಆರಿರುವುದಿಲ್ಲ, ಅಷ್ಟರಲ್ಲಿ ಮೈಲ್ಸ್ ತಮ್ಮ ಸೋಲೊ, ಅಂದರೆ ತಾವೊಬ್ಬರೇ ಮುಂದೆ ನಿಂತು ಕಟ್ಟಿ ನುಡಿಸುವ ಭಾಗ, ಶುರು ಮಾಡಿರುತ್ತಾರೆ. ಅಲ್ಲಿಂದ ಮುಂದೆ ಬೇಸ್ ಒಂದೇ ಹದದಲ್ಲಿ ನಡೆಯುತ್ತಾ ಹೋಗುತ್ತದೆ. ಇನ್ನೊಮ್ಮೆ ಕೇಳುವಾಗ ಟ್ರಂಪೆಟ್ ಬಿಟ್ಟು ಆ ನಡಿಗೆಯೊಂದಕ್ಕೇ ಕಿವಿ ಕೊಡಿ. ಬೇರೆಯೇ ಆಲ್ಬಂ ಕೇಳಿದ ಹಾಗಾಗುತ್ತದೆ.

ಇದೇ ಆಲ್ಬಂ ಬಗ್ಗೆ ಇನ್ನೊಂದು ಮಾತು. "ಯಾವ ಆವೃತ್ತಿ ಕೇಳುತ್ತಿದ್ದೀರಿ?" ಅಂತ ಯಾರಾದರೂ ಕೇಳಿದರೆ ಅದಕ್ಕೆ ಕಾರಣವಿದೆ. ಮಾರ್ಚ್ 2ರಂದು ಮುಖ್ಯ ಟೇಪ್ ಯಂತ್ರ ಸ್ವಲ್ಪ ನಿಧಾನವಾಗಿ ಓಡುತ್ತಿತ್ತು. ಅದರ ಟೇಪನ್ನು ಸರಿಯಾದ ವೇಗದಲ್ಲಿ ಹಾಕಿದಾಗ ಮೊದಲ ಮೂರು ಟ್ರ್ಯಾಕ್‌ಗಳ ಶ್ರುತಿ ಚೂರು ಮೇಲೇರಿತು. ದಶಕಗಳ ಕಾಲ ಜನ ಕೇಳಿದ್ದು ಅದನ್ನೇ. ಅದೃಷ್ಟಕ್ಕೆ ಅವತ್ತು ಎರಡನೇ ಯಂತ್ರವೂ ಓಡುತ್ತಿತ್ತು, ಅದು ಸರಿಯಾಗಿತ್ತು. ಆ ಟೇಪ್ ಬಳಸಿ 1992ರ ಮರುಬಿಡುಗಡೆಯಲ್ಲಿ ಸರಿಪಡಿಸಿದರು.

ಸರಿ, ಮುಂದಕ್ಕೆ. ಅದೇ 1959ರ ಮೇ ತಿಂಗಳು. ಕೈಂಡ್ ಆಫ್ ಬ್ಲೂನಲ್ಲಿ ಟೆನರ್ ಸ್ಯಾಕ್ಸೋಫೋನ್ ನುಡಿಸಿದ ಕೋಲ್ಟ್ರೇನ್ ಈಗ ತಮ್ಮದೇ ಆಲ್ಬಂ ಮಾಡುತ್ತಿದ್ದಾರೆ, ಅಟ್ಲಾಂಟಿಕ್ ಕಂಪನಿಗೆ. ಹೆಸರು ಜೈಂಟ್ ಸ್ಟೆಪ್ಸ್. ಬೇಸ್ ಯಾರು? ಚೇಂಬರ್ಸ್. ಕೆಲವೇ ವಾರಗಳ ಹಿಂದೆ ಅಷ್ಟು ಸಮಾಧಾನವಾಗಿ ನಡೆದ ಅದೇ ಬೆರಳುಗಳು ಇಲ್ಲಿ ಬಿರುಗಾಳಿಯಲ್ಲಿ ಓಡುತ್ತವೆ. ಶೀರ್ಷಿಕೆ ಟ್ರ್ಯಾಕ್‌ನಲ್ಲಿ ಕಾರ್ಡ್‌ಗಳು, ಅಂದರೆ ಟ್ಯೂನಿಗೆ ಆಧಾರವಾಗಿ ಒಟ್ಟಿಗೆ ನುಡಿಸುವ ಸ್ವರಗಳ ಗುಂಪು, ಎಷ್ಟು ಬೇಗ ಬೇಗ ಬದಲಾಗುತ್ತವೆ ಎಂದರೆ, ಪಿಯಾನೊದಲ್ಲಿರುವ ಟಾಮಿ ಫ್ಲಾನಗನ್ ತಮ್ಮ ಸೋಲೊದಲ್ಲಿ ಅಲ್ಲಲ್ಲಿ ತಡವರಿಸಿ ನಿಲ್ಲುತ್ತಾರೆ. ಅವರು ಸಣ್ಣ ಪಿಯಾನೊ ವಾದಕರಲ್ಲ, ಆ ಕಾಲದ ದೊಡ್ಡ ಹೆಸರು. ಆ ತಡವರಿಕೆಯನ್ನು ಆಲ್ಬಮ್‌ನಲ್ಲಿ ಹಾಗೇ ಉಳಿಸಿಕೊಂಡಿದ್ದಾರೆ, ನನಗೆ ಅದು ತುಂಬಾ ಇಷ್ಟ. ಫ್ಲಾನಗನ್ ಅದನ್ನು ಅಲ್ಲಿಗೇ ಬಿಡಲೂ ಇಲ್ಲ. 1982ರಲ್ಲಿ, ಕೋಲ್ಟ್ರೇನ್ ನೆನಪಿಗೆ, ಜೈಂಟ್ ಸ್ಟೆಪ್ಸ್ ಅನ್ನುವ ಹೆಸರಿನಲ್ಲೇ ತಮ್ಮ ಟ್ರಿಯೊ ಜೊತೆ ಒಂದು ಆಲ್ಬಂ ಮಾಡಿದರು. ಎರಡನ್ನೂ ಒಂದರ ಹಿಂದೆ ಒಂದು ಕೇಳಿ. ನಡುವೆ 23 ವರ್ಷ ಇದೆ, ಅದು ಕಿವಿಗೇ ಗೊತ್ತಾಗುತ್ತದೆ.

ಕೋಲ್ಟ್ರೇನ್ ಆಲ್ಬಮ್ಮಿನ ಕೊನೆಯ ಟ್ರ್ಯಾಕ್ ಹೆಸರು ಮಿಸ್ಟರ್ ಪಿ.ಸಿ. ಪಿ.ಸಿ. ಅಂದರೆ ಪಾಲ್ ಚೇಂಬರ್ಸ್! ಹಿಂದೆ ನಿಂತವನ ಹೆಸರನ್ನು ನಾಯಕನೇ ಒಂದು ಟ್ಯೂನಿಗೆ ಇಟ್ಟಿದ್ದಾನೆ.

ಇದರಲ್ಲೇ ನೈಮಾ ಅಂತ ಒಂದು ಶಾಂತವಾದ ಟ್ಯೂನ್ ಇದೆ. ಆಲ್ಬಮ್‌ನಲ್ಲಿರುವ ನೈಮಾ ರೆಕಾರ್ಡ್ ಆಗಿದ್ದು ಡಿಸೆಂಬರ್‌ನಲ್ಲಿ, ಬೇರೆ ತಂಡದ ಜೊತೆ: ಪಿಯಾನೊ ವಿಂಟನ್ ಕೆಲ್ಲಿ, ಬೇಸ್ ಚೇಂಬರ್ಸ್, ಡ್ರಮ್ಸ್ ಜಿಮ್ಮಿ ಕಾಬ್. ಈ ಮೂವರನ್ನೂ ಕೋಲ್ಟ್ರೇನ್ ಜೊತೆ ನೀವು ಆಗಲೇ ಕೇಳಿದ್ದೀರಿ. ಎಲ್ಲಿ? ಕೈಂಡ್ ಆಫ್ ಬ್ಲೂನ ಎರಡನೇ ಟ್ರ್ಯಾಕ್ ಫ್ರೆಡ್ಡಿ ಫ್ರೀಲೋಡರ್‌ನಲ್ಲಿ. ಆ ಆಲ್ಬಮ್‌ನಲ್ಲಿ ಬಿಲ್ ಇವಾನ್ಸ್ ಬದಲು ಕೆಲ್ಲಿ ಕೂತಿರುವುದು ಅದೊಂದೇ ಟ್ರ್ಯಾಕ್‌ಗೆ. ವಾದಕರ ಹೆಸರು ಓದುವ ಅಭ್ಯಾಸ ಇಲ್ಲದಿದ್ದರೆ ಇದು ಗೊತ್ತೇ ಆಗುತ್ತಿರಲಿಲ್ಲ, ಅಲ್ವಾ?

[ಪರದೆಯ ಮೇಲೆ: 1957]

ಈಗ ಎರಡು ವರ್ಷ ಹಿಂದಕ್ಕೆ. ಶುರುವಿನಲ್ಲಿ ಹೇಳಿದ ಬ್ಲೂ ಟ್ರೇನ್. 1957ರ ಸೆಪ್ಟೆಂಬರ್ 15, ನ್ಯೂಜೆರ್ಸಿಯ ಹ್ಯಾಕೆನ್ಸ್ಯಾಕ್. ಅದು ಸ್ಟುಡಿಯೊ ಕಟ್ಟಡವೂ ಅಲ್ಲ, ಒಂದು ಮನೆಯ ಹಜಾರ. ರೂಡಿ ವ್ಯಾನ್ ಗೆಲ್ಡರ್ ತಮ್ಮ ತಂದೆತಾಯಿಯ ಮನೆಯಲ್ಲೇ ರೆಕಾರ್ಡ್ ಮಾಡುತ್ತಿದ್ದರು. ಅವರ ವೃತ್ತಿ ಕಣ್ಣು ಪರೀಕ್ಷೆ ಮಾಡುವುದು. 1959ರಲ್ಲಿ ಎಂಗಲ್‌ವುಡ್ ಕ್ಲಿಫ್ಸ್‌ನಲ್ಲಿ ಸ್ವಂತ ಸ್ಟುಡಿಯೊ ಕಟ್ಟುವವರೆಗೂ ಬ್ಲೂ ನೋಟ್‌ನ ಎಷ್ಟೋ ಆಲ್ಬಂಗಳು ಆ ಹಜಾರದಲ್ಲೇ ಹುಟ್ಟಿದವು. ಎರಡನೇ ಟ್ರ್ಯಾಕ್ ಮೊಮೆಂಟ್ಸ್ ನೋಟಿಸ್‌ನಲ್ಲಿ ಚೇಂಬರ್ಸ್ ಸೋಲೊ ಬರುವವರೆಗೆ ಕಾಯಿರಿ. ಅವರು ತಂತಿ ಮೀಟುವುದಿಲ್ಲ, ಕಮಾನು ಎತ್ತಿಕೊಳ್ಳುತ್ತಾರೆ. ಅಷ್ಟು ದೊಡ್ಡ ವಾದ್ಯದ ಮೇಲೆ ಕಮಾನು ಆಡಿಸುತ್ತಾ ಆ ವೇಗ ಹಿಡಿಯುವುದು ಸುಮ್ನೆ ಮಾತಲ್ಲ.

ಒಂದು ಎಚ್ಚರಿಕೆ. ಸ್ಟ್ರೀಮಿಂಗ್ ಆ್ಯಪ್‌ನಲ್ಲಿ ಕೇಳಿದರೆ ಹಳೆಯ ಆಲ್ಬಂಗಳ ಕೊನೆಯಲ್ಲಿ ಮೂಲದಲ್ಲಿ ಇಲ್ಲದ ಟ್ರ್ಯಾಕ್‌ಗಳು ಸೇರಿಕೊಂಡಿರುತ್ತವೆ. ಅದೇ ಟ್ಯೂನಿನ ಬೇರೆ ಟೇಕ್‌ಗಳು, ಅಂದರೆ ಅದನ್ನೇ ಇನ್ನೊಮ್ಮೆ ನುಡಿಸಿ ರೆಕಾರ್ಡ್ ಮಾಡಿದಂಥವು. ಬ್ಲೂ ಟ್ರೇನ್ ಮೂಲದಲ್ಲಿ ಐದೇ ಟ್ರ್ಯಾಕ್, ಲೇಜಿ ಬರ್ಡ್‌ಗೆ ಮುಗಿಯಿತು. ಮೊದಲ ಸಲ ಕೇಳುವಾಗ ಅಲ್ಲಿಗೇ ನಿಲ್ಲಿಸಿ. ಬೇರೆ ಟೇಕ್ ಬೇಡ ಅಂತಲ್ಲ, ಅವು ಆಮೇಲೆ ರುಚಿಸುತ್ತವೆ. ಇನ್ನು ಆ್ಯಪ್‌ನಲ್ಲಿ ಎಷ್ಟೋ ಸಲ ವಾದಕರ ಹೆಸರೇ ಕಾಣಿಸುವುದಿಲ್ಲ. ಆಲ್ಬಂ ಹೆಸರು, ಇಸವಿ ಹಾಕಿ ಹುಡುಕಿ. ಒಂದು ನಿಮಿಷದ ಕೆಲಸ.

ಚೇಂಬರ್ಸ್ 1969ರ ಜನವರಿಯಲ್ಲಿ ತೀರಿಕೊಂಡರು, 33ನೇ ವಯಸ್ಸಿನಲ್ಲಿ. ಅಷ್ಟರಲ್ಲಿ ಅವರು ನುಡಿಸಿಟ್ಟ ಆಲ್ಬಂಗಳಲ್ಲಿ ತಮ್ಮ ಹೆಸರು ಮುಖಪುಟದಲ್ಲಿರುವವು ಬಹಳ ಕಡಿಮೆ. ಸದ್ಯ ನಾನು ಕೇಳುತ್ತಿರುವುದು ಅಂಥದ್ದನ್ನೇ: ಬೇಸ್ ಆನ್ ಟಾಪ್, 1957, ಬ್ಲೂ ನೋಟ್. ಗಿಟಾರ್ ಕೆನ್ನಿ ಬರೆಲ್, ಪಿಯಾನೊ ಹ್ಯಾಂಕ್ ಜೋನ್ಸ್, ಡ್ರಮ್ಸ್ ಆರ್ಟ್ ಟೇಲರ್. ಊದುವ ವಾದ್ಯ ಒಂದೂ ಇಲ್ಲ. ಯೆಸ್ಟರ್‌ಡೇಸ್ ಟ್ಯೂನನ್ನು ಚೇಂಬರ್ಸ್ ಕಮಾನಿನಲ್ಲೇ ನುಡಿಸುತ್ತಾರೆ. ಟೇಲರ್ ಹೆಸರು ಹಿಡಿದು ಹೊರಟರೆ ಜೈಂಟ್ ಸ್ಟೆಪ್ಸ್‌ಗೆ ವಾಪಸ್ ಬರುತ್ತೀರಿ, ಅಲ್ಲೂ ಅವರೇ ಡ್ರಮ್ಸ್. ಹ್ಯಾಂಕ್ ಜೋನ್ಸ್ ಹೆಸರು ಹಿಡಿದರೆ 1958ರ ಸಮ್‌ಥಿಂಗ್ ಎಲ್ಸ್ ಸಿಗುತ್ತದೆ, ಕ್ಯಾನನ್‌ಬಾಲ್ ಆಡರ್ಲಿ ಅವರದು. ಅದರಲ್ಲಿ ಟ್ರಂಪೆಟ್ ಮೈಲ್ಸ್ ಡೇವಿಸ್, ಆದರೆ ಈ ಸಲ ನಾಯಕ ಅವರಲ್ಲ. ಮುಂದಿನ ವಿಡಿಯೋ ಆ ಆಲ್ಬಂ ಮೇಲೆ, ಅಷ್ಟರಲ್ಲಿ ಒಮ್ಮೆ ಕೇಳಿಟ್ಟಿರಿ.