ತಾಜುದ್ದೀನ್ ಅಹ್ಮದ್: ಮೊದಲು ಪ್ರಧಾನಿ, ಆಮೇಲೆ ಮಂತ್ರಿ

ಎಲ್ಲರಿಗೂ ನಮಸ್ಕಾರ.

ಸಾಮಾನ್ಯವಾಗಿ ರಾಜಕಾರಣಿ ಮೊದಲು ಮಂತ್ರಿ ಆಗುತ್ತಾನೆ. ಅದೃಷ್ಟ ಇದ್ದರೆ ಆಮೇಲೆ ಪ್ರಧಾನಿ, ಅಲ್ವಾ? ಬಾಂಗ್ಲಾದೇಶದ ತಾಜುದ್ದೀನ್ ಅಹ್ಮದ್ ಅವರದು ಉಲ್ಟಾ. ಅವರು ದೇಶದ ಮೊದಲ ಪ್ರಧಾನಿ. ಯುದ್ಧ ಗೆದ್ದ ಮೇಲೆ ಹಣಕಾಸು ಮಂತ್ರಿ. ಕೊನೆಗೆ ಏನೂ ಇಲ್ಲ.

ಹುಟ್ಟಿದ್ದು 1925ರಲ್ಲಿ, ಢಾಕಾ ಹತ್ತಿರದ ಕಾಪಾಸಿಯಾ ಕಡೆಯ ದರ್ದರಿಯಾ ಹಳ್ಳಿಯಲ್ಲಿ. ಓದಿದ್ದು ಅರ್ಥಶಾಸ್ತ್ರ. ಕಾನೂನು ಪದವಿ ಪಡೆದಾಗ ರಾಜಕೀಯ ಕೈದಿಯಾಗಿದ್ದರು. 1954ರಲ್ಲಿ ಕಾಪಾಸಿಯಾದಿಂದ ಗೆದ್ದು ಶಾಸಕರಾದರು. ಆಗ ಬಾಂಗ್ಲಾದೇಶ ಇನ್ನೂ ಪಾಕಿಸ್ತಾನದ ಪೂರ್ವ ಭಾಗ. 1966ರಲ್ಲಿ ಶೇಖ್ ಮುಜೀಬ್, ಬಂಗಾಳಿಗಳ ಸ್ವಾಯತ್ತತೆ ಕೇಳುತ್ತಿದ್ದ ಅವಾಮಿ ಲೀಗ್ ಪಕ್ಷದ ಅಧ್ಯಕ್ಷರಾದಾಗ ಪ್ರಧಾನ ಕಾರ್ಯದರ್ಶಿ ಇವರೇ. ಜನ ಸೇರಿಸಿ ಮಾತಾಡುವುದು ಮುಜೀಬ್. ಕಡತ, ಕರಡು, ಲೆಕ್ಕ ನೋಡುವುದು ತಾಜುದ್ದೀನ್. ಈ ಜೋಡಿ ಇಲ್ಲದಿದ್ದರೆ ಆ ಪಕ್ಷ ಅಷ್ಟು ದೂರ ಬರುತ್ತಿರಲಿಲ್ಲ ಎಂದೇ ನನ್ನ ಲೆಕ್ಕ.

1971ರ ಮಾರ್ಚ್ 25ರ ರಾತ್ರಿ ಪಾಕಿಸ್ತಾನಿ ಸೇನೆ ಢಾಕಾದ ಮೇಲೆ ಬಿತ್ತು. ಮುಜೀಬ್ ಬಂಧನವಾಯಿತು. ತಾಜುದ್ದೀನ್ ಬ್ಯಾರಿಸ್ಟರ್ ಅಮೀರುಲ್ ಇಸ್ಲಾಂ ಜೊತೆ ಊರು ಬಿಟ್ಟು, ಕುಷ್ಟಿಯಾ ಕಡೆಯಿಂದ ಭಾರತದ ಗಡಿಗೆ ಬಂದರು. ಹೆಂಡತಿಗೆ ಒಂದು ಚೀಟಿ ಕಳಿಸಿದ್ದರು. ಹೇಳದೆ ಹೊರಟೆ, ಕ್ಷಮಿಸು. ಮಕ್ಕಳ ಜೊತೆ ಏಳೂವರೆ ಕೋಟಿ ಜನರೊಳಗೆ ಸೇರಿಕೊಂಡುಬಿಡು ಎಂಬುದು ಅದರ ಸಾರ.

ಏಪ್ರಿಲ್ ಮೊದಲ ವಾರ ದೆಹಲಿಯಲ್ಲಿ ಇಂದಿರಾ ಗಾಂಧಿಯವರ ಭೇಟಿ. ಸಹಾಯ ಕೇಳಬೇಕಾದರೆ ಕೇಳುವವರಿಗೆ ಒಂದು ಸರ್ಕಾರ ಇರಬೇಕಲ್ಲ! ಪಕ್ಷದ ಸಭೆ ಕರೆಯಲು ಪುರುಸೊತ್ತಿಲ್ಲ. ಸರ್ಕಾರ ರಚಿಸುವ ತೀರ್ಮಾನವನ್ನು ತಾವೇ ತೆಗೆದುಕೊಂಡರು. ಮುಜೀಬ್ ರಾಷ್ಟ್ರಪತಿ, ತಾವು ಪ್ರಧಾನಿ. ಪಕ್ಷದ ಯುವ ನಾಯಕರು ಕೆರಳಿದರು. ಶೇಖ್ ಮಣಿಯಂಥವರು ಕೊನೆವರೆಗೂ ಇವರನ್ನು ಒಪ್ಪಲಿಲ್ಲ. ಏಪ್ರಿಲ್ 17ರಂದು ಮೆಹರ್‌ಪುರದ ಬೈದ್ಯನಾಥತಲಾ ಮಾವಿನ ತೋಪಿನಲ್ಲಿ ಪ್ರಮಾಣವಚನ ಆಯಿತು. ಪತ್ರಕರ್ತರು ಕಲ್ಕತ್ತಾದಿಂದ ಬಂದರು. ಆ ಜಾಗಕ್ಕೆ ಮುಜೀಬ್‌ನಗರ ಎಂದು ಹೆಸರಿಟ್ಟರು.

ಸರ್ಕಾರ ನಡೆದದ್ದು ಮಾತ್ರ ಕಲ್ಕತ್ತಾದ 8, ಥಿಯೇಟರ್ ರೋಡ್‌ನಿಂದ. ದೇಶ ಬಿಡುಗಡೆ ಆಗುವವರೆಗೆ ಸಂಸಾರದ ಜೊತೆ ಇರುವುದಿಲ್ಲ ಎಂದು ತಾಜುದ್ದೀನ್ ಹಟ ಹಿಡಿದಿದ್ದರು. ಹೆಂಡತಿ ಮಕ್ಕಳು ಅದೇ ಊರಿನ ಬೇರೆ ಮನೆಯಲ್ಲಿ, ಇವರ ಊಟ ನಿದ್ದೆ ಆಫೀಸಿನಲ್ಲೇ. ತಮ್ಮ ಶರಟು ತಾವೇ ಒಗೆದುಕೊಳ್ಳುತ್ತಿದ್ದರು. ವಿದೇಶಾಂಗ ಮಂತ್ರಿ ಮೊಷ್ತಾಕ್ ಅಹ್ಮದ್ ಅವರ ಕಡೆಯವರು ಒಳಗೊಳಗೇ ಅಮೆರಿಕದವರ ಜೊತೆ ಪಾಕಿಸ್ತಾನದೊಂದಿಗಿನ ರಾಜಿಯ ಮಾತು ಆಡುತ್ತಿರುವುದು ಗೊತ್ತಾದಾಗ, ಮೊಷ್ತಾಕ್‌ರನ್ನು ಪಕ್ಕಕ್ಕೆ ಸರಿಸಿದರು. ಮಂತ್ರಿಮಂಡಲದಿಂದ ಮಾತ್ರ ತೆಗೆಯಲಿಲ್ಲ. ತೆಗೆಯಬೇಕಿತ್ತು ಅನ್ನಿಸುತ್ತದೆ ನನಗೆ.

ಯುದ್ಧ ಗೆದ್ದ ಮೇಲೆ, 1972ರ ಜನವರಿ 10ಕ್ಕೆ ಮುಜೀಬ್ ಪಾಕಿಸ್ತಾನದ ಜೈಲಿನಿಂದ ಬಿಡುಗಡೆಯಾಗಿ ವಾಪಸ್ ಬಂದರು. ಎರಡೇ ದಿನಕ್ಕೆ ಅವರು ಪ್ರಧಾನಿ, ತಾಜುದ್ದೀನ್ ಹಣಕಾಸು ಮಂತ್ರಿ. ತಕರಾರಿಲ್ಲದೆ ಕುರ್ಚಿ ಬಿಟ್ಟುಕೊಟ್ಟರು. ಆದರೆ ಆ ಒಂಬತ್ತು ತಿಂಗಳು ಏನೇನು ನಡೆಯಿತು ಎಂದು ಮುಜೀಬ್ ಕೂತು ಕೇಳಲೇ ಇಲ್ಲ ಎಂದು ಇವರ ಮನೆಯವರು ಹೇಳುತ್ತಾರೆ.

ದೇಶದ ಮೊದಲ ಬಜೆಟ್ ಇವರದೇ: 1972ರ ಜೂನ್ 30, 786 ಕೋಟಿ ಟಾಕಾ. ಸೇತುವೆ ಮುರಿದಿತ್ತು, ನಿರಾಶ್ರಿತರು ಮರಳುತ್ತಿದ್ದರು, ಬ್ಯಾಂಕು, ಸೆಣಬಿನ ಗಿರಣಿಗಳು ಸರ್ಕಾರದ ಪಾಲಾಗಿದ್ದವು. ಯುದ್ಧದಲ್ಲಿ ಪಾಕಿಸ್ತಾನದ ಬೆನ್ನಿಗೆ ನಿಂತ ಅಮೆರಿಕದಿಂದ ನೆರವು ಪಡೆಯಲು ಮೊದಲು ಅವರಿಗೆ ಮನಸ್ಸೇ ಇರಲಿಲ್ಲ. ಆಮೇಲೆ ಬೇರೆ ದಾರಿ ಉಳಿಯಲಿಲ್ಲ. 1974ರಲ್ಲಿ ಕ್ಷಾಮದ ಹಸಿವು, ಪಕ್ಷದೊಳಗೆ ಚಾಡಿ. ಅಕ್ಟೋಬರ್ 26ರಂದು ಮುಜೀಬ್ ರಾಜೀನಾಮೆ ಕೇಳಿದರು, ಇವರು ಸಹಿ ಹಾಕಿದರು.

1975ರ ಆಗಸ್ಟ್ 15ಕ್ಕೆ ಮುಜೀಬ್ ಕೊಲೆಯಾಯಿತು. ರಾಷ್ಟ್ರಪತಿ ಆಗಿ ಕೂತವರು ಯಾರು? ಅದೇ ಮೊಷ್ತಾಕ್. ಕೆಲವೇ ದಿನಗಳಲ್ಲಿ ತಾಜುದ್ದೀನ್ ಜೈಲಿನಲ್ಲಿದ್ದರು. ನವೆಂಬರ್ 3ರ ನಸುಕಿನಲ್ಲಿ ಸೈನಿಕರು ಢಾಕಾ ಕೇಂದ್ರ ಕಾರಾಗೃಹಕ್ಕೆ ನುಗ್ಗಿ, ಸೈಯದ್ ನಜ್ರುಲ್ ಇಸ್ಲಾಂ, ಮನ್ಸೂರ್ ಅಲಿ, ಕಮರುಜ್ಜಮಾನ್ ಜೊತೆ ಅವರನ್ನೂ ಕೊಂದರು. ನಾಲ್ವರೂ 1971ರ ಸರ್ಕಾರದವರು.

ಚೆಲ್ಲಾಪಿಲ್ಲಿಯಾಗಿದ್ದ ಅವಾಮಿ ಲೀಗನ್ನು 1977ರಲ್ಲಿ ಸಂಚಾಲಕಿಯಾಗಿ ಮತ್ತೆ ಕಟ್ಟಿದವರು ಹೆಂಡತಿ ಜೋಹ್ರಾ ತಾಜುದ್ದೀನ್. ಮುಜೀಬ್ ಮಗಳು ಶೇಖ್ ಹಸೀನಾ ದೇಶಕ್ಕೆ ಮರಳಿದ್ದು ಆಮೇಲೆ, 1981ರಲ್ಲಿ. ಜೋಹ್ರಾ ಬಗ್ಗೆ ಇನ್ನೂ ಜಾಸ್ತಿ ಹೇಳುವುದಿದೆ. ಪ್ರಶ್ನೋತ್ತರದಲ್ಲಿ ಯಾರಾದರೂ ಕೇಳಿ, ಹೇಳುತ್ತೇನೆ.